ದಿಲ್ಲಿಯ ಜಗಳವೂ ಬಳ್ಳಾರಿಯ ಕೊಡವೂ

ಮನೆ ಗೆದ್ದು ಮಾರು ಗೆಲ್ಲಬೇಕೆಂಬುದು ನಮ್ಮ ಹಿರಿಯರ ನುಡಿ. ಈ ನುಡಿಯಲ್ಲಿ ಅಡಗಿರುವ ರಾಜನೀತಿಯು ದೊಡ್ಡ ದೊಡ್ಡ ಗ್ರಂಥಗಳಲ್ಲಿಯೂ ದೊರೆಯುವುದು ಕಷ್ಟ. ಆದರೆ ಇತ್ತೀಚೆಗೆ ನಮ್ಮ ಜನರಲ್ಲಿ ಈ ಕ್ರಮವು ತಲೆಕೆಳಗಾಗಿ, ಮಾರನ್ನು ಗೆಲ್ಲುವ ಭ್ರಾಂತಿಯಲ್ಲಿ ಮನೆಯನ್ನು ಸೋಲುವ ವಿಪರೀತವು ಎಲ್ಲೆಲ್ಲಿಯೂ ಕಂಡುಬರುತ್ತಲಿದೆ. ದೀಪ ಹಚ್ಚಿದ ಹೊತ್ತಿನಲ್ಲಿ ಬಳ್ಳಾರಿಯ ಯಾವ ಮಧ್ಯಮ ಸ್ಥಿತಿಯ ಮನೆಯ ಪಡಸಾಲೆಯಲ್ಲಿಯಾದರೂ ಒಂದು ಗಳಿಗೆ ಕುಳಿತು ನೋಡಿರಿ. ಟೀವಿಯಲ್ಲಿ ನಾಲ್ಕು ಜನ ಒಬ್ಬರ ಮಾತನ್ನೊಬ್ಬರು ಕೇಳದೆ ಕೂಗಾಡುತ್ತಿರುತ್ತಾರೆ. ತಂದೆಯು ಒಂದು ಪಕ್ಷದವನು, ಮಗನು ಇನ್ನೊಂದು ಪಕ್ಷದವನು, ಅಳಿಯನು ಇಬ್ಬರನ್ನೂ ಹಳಿಯುವವನು. ದಿಲ್ಲಿಯಲ್ಲಿ ಯಾರು ಯಾರನ್ನು ಏನೆಂದರೆಂಬುದರ ಮೇಲೆ ಮೊದಲು ಚರ್ಚೆ, ಆಮೇಲೆ ಜಗಳ, ಕೊನೆಗೆ ಮೌನ. ಒಲೆಯ ಮುಂದಿರುವ ತಾಯಿಯಾದರೋ, ನಳದ ನೀರು ಬಂದು ಇಂದಿಗೆ ಎಷ್ಟು ದಿನವಾಯಿತು, ಡ್ರಮ್ಮಿನ ತಳದಲ್ಲಿ ಉಳಿದದ್ದು ನಾಳೆಯ ಅಡಿಗೆಗೆ ಸಾಕಾದೀತೆ ಎಂದು ಎಣಿಸುತ್ತಿರುತ್ತಾಳೆ. ಆ ಮನೆಯಲ್ಲಿ ಆ ಹೊತ್ತಿಗೆ ನಿಜವಾದ ರಾಜಕಾರಣವನ್ನು ಚಿಂತಿಸುತ್ತಿರುವವಳು ಆ ತಾಯಿಯೊಬ್ಬಳೇ ಎಂದು ನಾವು ಹೇಳಿದರೆ ವಾಚಕರು ಅತಿಶಯೋಕ್ತಿಯೆಂದು ಭಾವಿಸಬಾರದು. ಈ ಮಾತನ್ನು ಸಾಧಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬಳ್ಳಾರಿ ನಗರವನ್ನೇ ತೆಗೆದುಕೊಳ್ಳೋಣ. ಈ ಊರಿಗೆ ಕುಡಿಯುವ ನೀರು ಬರತಕ್ಕದ್ದು ತುಂಗಭದ್ರೆಯ ಕಾಲುವೆಗಳಿಂದ. ಕಾಲುವೆಯಲ್ಲಿ ನೀರಿರುವಾಗ ಅಲ್ಲೀಪುರದ ಕೆರೆಯನ್ನೂ ಮೋಕಾದ ಕೆರೆಯನ್ನೂ ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಆ ಸಂಗ್ರಹದಿಂದ ಊರಿಗೆ ಹಂಚುವುದು ಇಲ್ಲಿಯ ಏರ್ಪಾಡು. ಅಣೆಕಟ್ಟು ಇರುವುದು ಸುಮಾರು ಅರವತ್ತು ಕಿಲೋಮೀಟರು ದೂರದ ಹೊಸಪೇಟೆಯ ಹತ್ತಿರ. ಇಷ್ಟು ಸಮೀಪದಲ್ಲಿ ದೇಶದ ಹೆಸರಾಂತ ಜಲಾಶಯವೊಂದಿದ್ದೂ, ಬೇಸಿಗೆಯಲ್ಲಿ ನಗರದ ಎಷ್ಟೋ ಬೀದಿಗಳವರು ವಾರ ಕಳೆದರೂ ನಳದಲ್ಲಿ ನೀರು ಕಾಣದೆ ಟ್ಯಾಂಕರಿಗಾಗಿ ಕಾದ ವರ್ಷಗಳು ಒಂದೆರಡಲ್ಲ. ಬಳ್ಳಾರಿಯ ಬಿಸಿಲಿನ ಪ್ರಖರತೆಯನ್ನು ನಮ್ಮ ವಾಚಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಅಂಥ ಬಿಸಿಲಿನಲ್ಲಿ ಕೊಡ ಹಿಡಿದು ನಿಂತ ಹೆಣ್ಣುಮಗಳ ಮುಂದೆ ದಿಲ್ಲಿಯ ಸರಕಾರದ ಸ್ಥಿರತೆ ಅಸ್ಥಿರತೆಗಳ ಪ್ರಸಂಗವನ್ನು ತೆಗೆಯುವವನು ಎಂಥ ಧೈರ್ಯಶಾಲಿಯಾಗಿರಬೇಕು!

ಅದೇ ಊರಿನ ಕೌಲ್ ಬಜಾರಿನ ಕಡೆಗೆ ತಿರುಗಿರಿ. ಅಲ್ಲಿ ಮನೆಯೇ ಕಾರ್ಖಾನೆ. ಹೊಲಿಗೆಯ ಯಂತ್ರದ ಪಕ್ಕದಲ್ಲಿಯೇ ಒಲೆ, ಒಲೆಯ ಪಕ್ಕದಲ್ಲಿಯೇ ತೊಟ್ಟಿಲು. ದೇಶದ ನಾನಾ ಪೇಟೆಗಳಲ್ಲಿ ಮಾರಾಟವಾಗುವ ಜೀನ್ಸ್ ಬಟ್ಟೆಗಳನ್ನು ಒಂದೊಂದು ತುಂಡಿಗೆ ಇಷ್ಟೆಂಬ ಕೂಲಿಗೆ ಹೊಲಿಯುವ ಕುಟುಂಬಗಳು ಅಲ್ಲಿವೆ. ವಿದ್ಯುತ್ತು ಹೋದರೆ ಅಂದಿನ ಕೂಲಿಯೂ ಹೋಯಿತು. 2023ರ ವಿಧಾನಸಭೆಯ ಚುನಾವಣೆಯ ಕಾಲಕ್ಕೆ ದಿಲ್ಲಿಯ ನಾಯಕರೊಬ್ಬರು ಬಳ್ಳಾರಿಗೆ ಬಂದು, 5,000 ಕೋಟಿ ರೂಪಾಯಿಗಳ ಜೀನ್ಸ್ ಉದ್ಯಾನವನ್ನು ಸ್ಥಾಪಿಸುವ ಮಾತು ಕೊಟ್ಟರು. ಆ ಮಾತು ಯಾವ ಪಕ್ಷದ್ದೆಂಬುದರ ಬಗ್ಗೆ ಊರಿನಲ್ಲಿ ಬೇಕಾದಷ್ಟು ವಾದಗಳಾದುವು. ಆದರೆ ಆ ಹಣವು ಯಾವ ವರ್ಷದ ಆಯವ್ಯಯದಲ್ಲಿ, ಯಾವ ಶೀರ್ಷಿಕೆಯ ಕೆಳಗೆ, ಎಷ್ಟೆಷ್ಟು ಕಂತಿನಲ್ಲಿ ಬರಬೇಕೆಂದು ಲೆಕ್ಕ ಹಿಡಿದು ಕೇಳಿದವರೆಷ್ಟು ಮಂದಿ? ವಾದಿಸಿದವರು ಸಾವಿರ, ಲೆಕ್ಕ ಕೇಳಿದವರು ಬೆರಳೆಣಿಕೆಯವರು. ನಮ್ಮ ಸಂಕಟದ ಬೇರು ಇಲ್ಲಿಯೇ ಇದೆ.

ಇನ್ನು ಸಿರುಗುಪ್ಪಕ್ಕೆ ಹೋಗೋಣ. ತುಂಗಭದ್ರೆಯ ದಂಡೆಯ ಈ ಸೀಮೆಯು ವಿಜಯನಗರದ ಅರಸರು ಕಟ್ಟಿಸಿದ ಕಾಲುವೆಗಳ ಕಾಲದಿಂದಲೂ ಭತ್ತದ ಕಣಜವೆನಿಸಿದೆ. ಸಿರುಗುಪ್ಪದ ಅಕ್ಕಿಯೆಂದರೆ ದೂರದ ಪಟ್ಟಣಗಳ ಅಂಗಡಿಯವನೂ ತಲೆದೂಗುತ್ತಾನೆ. ಆದರೆ ಈ ಕಣಜದ ಬೀಗದ ಕೈ ಹೊಸಪೇಟೆಯ ಅಣೆಕಟ್ಟಿನಲ್ಲಿದೆ. 1945ರಲ್ಲಿ ಅಡಿಗಲ್ಲನ್ನು ಕಂಡು, 1953ರ ಹೊತ್ತಿಗೆ ನೀರನ್ನು ತಡೆದು ನಿಲ್ಲಿಸಿದ ಆ ಅಣೆಕಟ್ಟಿನಲ್ಲಿ ಮೊದಲು ಹಿಡಿಯುತ್ತಿದ್ದುದು ಸುಮಾರು 133 ಟಿ.ಎಂ.ಸಿ. ನೀರು, ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿ ತುಳುಕುತ್ತಿರುವಾಗ, 33 ಬಾಗಿಲುಗಳ ಪೈಕಿ 19ನೆಯದರ ಸರಪಳಿ ಹರಿದು ಬಾಗಿಲೇ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಜ್ಞರೂ ಕಾರ್ಮಿಕರೂ ಪ್ರಾಣವನ್ನು ಪಣಕ್ಕೊಡ್ಡಿ ಹರಿಯುವ ನೀರಿನ ಮೇಲೆಯೇ ತಾತ್ಕಾಲಿಕ ತಡೆಯನ್ನಿಳಿಸಿದರು. ಅವರಿಗೆ ನಮ್ಮ ವಂದನೆಗಳು ಸಲ್ಲತಕ್ಕವು. ಆದರೆ ಆ ಒಂದು ವಾರ ಸಿರುಗುಪ್ಪದ ರೈತನ ಮನೆಯಲ್ಲಿ ಯಾರಿಗೂ ನಿದ್ರೆಯಿರಲಿಲ್ಲ. 2025ರ ಮಳೆಗಾಲದಲ್ಲಿಯೂ ಹಳೆಯ ಬಾಗಿಲುಗಳ ಭೀತಿಯಿಂದ ಜಲಾಶಯವನ್ನು ಸುಮಾರು 80 ಟಿ.ಎಂ.ಸಿ.ಗೆ ಮೀರದಂತೆ ತುಂಬಬೇಕಾಯಿತು. ಬಂದ ನೀರನ್ನು ಬಾಗಿಲಿಗೆ ಹೆದರಿ ಬಿಟ್ಟುಕೊಡುವುದೆಂದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತಲ್ಲವೆ?

ಆ ದಿನಗಳಲ್ಲಿ ನಮ್ಮ ಪಕ್ಷಗಳವರು ಮಾಡಿದ್ದೇನು? ಆಳುವವರ ಅಲಕ್ಷ್ಯವೆಂದು ಒಬ್ಬರು, ಹಿಂದೆ ಆಳಿದವರ ಪಾಪವೆಂದು ಮತ್ತೊಬ್ಬರು, ಕೇಂದ್ರದ ಹೊಣೆಯೆಂದು ಇವರು, ರಾಜ್ಯದ ಹೊಣೆಯೆಂದು ಅವರು! ತುಂಗಭದ್ರಾ ಮಂಡಲಿಯಲ್ಲಿ ಕೇಂದ್ರವೂ ಇದೆ, ನೆರೆಯ ರಾಜ್ಯಗಳೂ ಇವೆ, ನಮ್ಮ ಸರಕಾರವೂ ಇದೆ. ಎಲ್ಲರೂ ಇರುವಲ್ಲಿ ಯಾರೂ ಇಲ್ಲದಂತಾಗುವುದೇ ಲೋಕರೂಢಿ. ಎಪ್ಪತ್ತು ವರ್ಷ ದುಡಿದ ಸರಪಳಿಯನ್ನು ಬದಲಿಸಬೇಕೆಂಬುದು ಚುನಾವಣೆಯ ವಿಷಯವಾಗಲಿಲ್ಲ. ಯಾವ ಮನೆಯ ಪಡಸಾಲೆಯಲ್ಲಿಯೂ ಅದರ ಮೇಲೆ ತಂದೆಮಕ್ಕಳು ಜಗಳವಾಡಲಿಲ್ಲ. ಸರಪಳಿ ಹರಿದ ಮೇಲೆ ಮಾತ್ರ ಎಲ್ಲರೂ ಸರಪಳಿಯ ಪಂಡಿತರಾದರು.

ಕುರುಗೋಡಿನ ಮನೆಯೊಂದನ್ನು ನೋಡೋಣ. ಸಿಂದರ ಅರಸರು ಆಳಿದ, ಚಾಲುಕ್ಯರ ಕಾಲದ ಗುಡಿಗಳಿಂದ ತುಂಬಿದ, ದೊಡ್ಡಬಸವೇಶ್ವರನ ಬೃಹನ್ಮೂರ್ತಿಯಿಂದ ಹೆಸರಾದ ಊರು ಅದು. ಬಹುಕಾಲದ ಬೇಡಿಕೆಯ ತರುವಾಯ 2018ರ ಹೊತ್ತಿಗೆ ಅದು ತಾಲೂಕಿನ ಕೇಂದ್ರವೂ ಆಯಿತು. ಅಲ್ಲಿಯ ಒಕ್ಕಲಿಗನು ಕಷ್ಟಪಟ್ಟು ಮೆಣಸಿನಕಾಯಿ ಬೆಳೆಯುತ್ತಾನೆ. ಮನೆಯ ಹೆಂಗಸರು ಮಕ್ಕಳಾದಿಯಾಗಿ ಅದನ್ನು ಆಯ್ದು ಒಣಗಿಸುತ್ತಾರೆ. ಆಮೇಲೆ ಆ ಚೀಲಗಳು ನೂರಾರು ಕಿಲೋಮೀಟರು ಪ್ರಯಾಣಮಾಡಿ ಬ್ಯಾಡಗಿಯ ಪೇಟೆಯನ್ನು ಸೇರಬೇಕು. ಅಲ್ಲಿ ಧಾರಣೆ ಕುಸಿದರೆ ಕೇಳುವವರಿಲ್ಲ. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ಕೆರಳಿದ ಬೆಳೆಗಾರರು ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿಯಿಟ್ಟ ಸಂಗತಿಯು ಎಲ್ಲರಿಗೂ ತಿಳಿದಿದೆ. ಬೆಂಕಿಯಿಡುವುದನ್ನು ನಾವು ಒಪ್ಪುವವರಲ್ಲ. ಆದರೆ ಆ ಬೆಂಕಿಯ ಹಿಂದೆ ಇದ್ದ ಹೊಟ್ಟೆಯ ಕಿಚ್ಚನ್ನು ಕಾಣದವನು ಕುರುಡನೇ ಸರಿ. ಮೆಣಸಿನಕಾಯಿಯ ಪೇಟೆಯೊಂದು ಬಳ್ಳಾರಿಯ ಬಳಿಯಲ್ಲಿಯೇ ಬೇಕೆಂಬ ಈ ಸೀಮೆಯ ಬೆಳೆಗಾರರ ಕೂಗು ಇಂದು ನಿನ್ನೆಯದಲ್ಲ.

ಇಷ್ಟನ್ನು ಓದಿದ ವಾಚಕರಲ್ಲಿ ಒಬ್ಬರು ಹೀಗೆ ಆಕ್ಷೇಪಿಸಬಹುದು: "ಸ್ವಾಮಿ, ನೀರು, ಅಣೆಕಟ್ಟು, ಧಾರಣೆ, ಇವೆಲ್ಲವೂ ದಿಲ್ಲಿಯ ಕೈಯಲ್ಲಿಯೇ ಇವೆಯಲ್ಲ! ಹಾಗಿದ್ದ ಮೇಲೆ ಮನೆಯಲ್ಲಿ ದಿಲ್ಲಿಯ ಮಾತಾಡದೆ ಇನ್ನಾರ ಮಾತಾಡಬೇಕು?" ಈ ಆಕ್ಷೇಪವು ನ್ಯಾಯವಾದದ್ದು. ದಿಲ್ಲಿಯು ನಮಗೆ ಸಂಬಂಧಿಸಿದ್ದಲ್ಲವೆಂದು ನಾವು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ. ಬಳ್ಳಾರಿಯ ಹಣೆಬರಹವನ್ನು ಹೊರಗಿನವರು ಬರೆದ ಕಥೆಯು 1800ನೆಯ ಇಸವಿಯಷ್ಟು ಹಳೆಯದು. ಆ ವರ್ಷ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ಇಲ್ಲಿಯ ಒಬ್ಬ ಮನೆಯವನನ್ನಾದರೂ ಯಾರು ಕೇಳಿದರು? ಅಂದಿನಿಂದ ನೂರೈವತ್ತು ವರ್ಷ ನಾವು ಮದ್ರಾಸಿನ ಕಡೆಗೆ ಮುಖಮಾಡಿ ಕುಳಿತೆವು. ಆದರೆ ಪ್ರಶ್ನೆಯೇನೆಂದರೆ, ದಿಲ್ಲಿಯ ವಿಷಯವನ್ನು ಮನೆಯಲ್ಲಿ ಹೇಗೆ ಮಾತಾಡಬೇಕು? ಇದಕ್ಕೆ ಉತ್ತರವು ನಮ್ಮ ಏಕೀಕರಣದ ಇತಿಹಾಸದಲ್ಲಿಯೇ ಇದೆ.

1926ರಲ್ಲಿ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ ಬಳ್ಳಾರಿಯಲ್ಲಿ ಸಾಹಿತ್ಯ ಸಮ್ಮೇಲನಗಳು ನೆರೆದುವು. ಮದ್ರಾಸ್ ಪ್ರಾಂತದ ಮೂಲೆಯಲ್ಲಿ ಬಿದ್ದಿದ್ದ ಊರಿನಲ್ಲಿ ಕನ್ನಡಿಗರು ಒಟ್ಟುಗೂಡಿದುದು ಸಾಮಾನ್ಯ ಸಂಗತಿಯಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರ ಧಾರ್ ಆಯೋಗವು ಭಾಷಾಪ್ರಾಂತಗಳು ಬೇಡವೆಂದಿತು. 1953ರಲ್ಲಿ ಆಂಧ್ರ ಪ್ರಾಂತದ ರಚನೆಯ ಕಾಲಕ್ಕೆ ಬಳ್ಳಾರಿ ಜಿಲ್ಲೆಯನ್ನು ಸೀಳಬೇಕಾಗಿ ಬಂದು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು. ಬಳ್ಳಾರಿ ತಾಲೂಕಿನ ಪ್ರಶ್ನೆಯನ್ನು ಮಾತ್ರ ಬೇರೆಯಾಗಿ ತೆಗೆದು ನ್ಯಾಯಮೂರ್ತಿ ಎಲ್.ಎಸ್. ಮಿಶ್ರರ ವಿಚಾರಣೆಗೊಪ್ಪಿಸಿದರು. ಕೊನೆಗೆ 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. ಆ ಹಬ್ಬದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ ರಂಜಾನ್ ಸಾಬರ ಮೇಲೆ ಆಮ್ಲ ತುಂಬಿದ ಬಲ್ಬನ್ನೆಸೆದು ಅವರನ್ನು ಬಲಿತೆಗೆದುಕೊಂಡರು. ಕನ್ನಡವೆಂಬುದು ಒಂದು ಜಾತಿಯ, ಒಂದು ಮತದ ಸೊತ್ತೆಂದು ಹೇಳುವವರಿಗೆ ಆ ಒಂದು ಹೆಸರೇ ಸಾಕಾದಷ್ಟು ಉತ್ತರ.

ಕಥೆಯು ಅಲ್ಲಿಗೂ ಮುಗಿಯಲಿಲ್ಲ. 1955ರಲ್ಲಿ ಹೊರಬಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯು, ತುಂಗಭದ್ರಾ ಯೋಜನೆಯ ಕಾರಣವನ್ನೊಡ್ಡಿ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಎರಡು ವರ್ಷದ ಹಿಂದೆ ರಕ್ತ ಸುರಿಸಿ ಪಡೆದ ಮನೆಯನ್ನು ಕಾಗದದ ಒಂದು ಗೆರೆಯಿಂದ ಕಸಿದುಕೊಳ್ಳುವ ಮಾತು! ಆಗ ಈ ಸೀಮೆಯ ಮನೆಮನೆಗಳಲ್ಲಿಯೂ ದಿಲ್ಲಿಯ ಮಾತೇ. ಆದರೆ ಆ ಮಾತು ಪಡಸಾಲೆಯಲ್ಲಿಯೇ ತಿರುಗಿ ತಿರುಗಿ ಬತ್ತಿಹೋಗಲಿಲ್ಲ. ಅದು ಬೀದಿಗೆ ಬಂದು ಸಭೆಯಾಯಿತು, ಸಭೆಯಲ್ಲಿ ಠರಾವಾಯಿತು, ಠರಾವು ಮನವಿಯಾಗಿ ದಿಲ್ಲಿಗೆ ಹೋಯಿತು. ದಿಲ್ಲಿಯು ಕೇಳಲೇಬೇಕಾಯಿತು. ಆಯೋಗದ ಆ ಶಿಫಾರಸು ಬಿದ್ದುಹೋಗಿ, 1956ರ ನವೆಂಬರ್ 1ರಂದು ಆ ಮೂರು ತಾಲೂಕುಗಳು ಕನ್ನಡ ನಾಡಿನಲ್ಲಿಯೇ ಉಳಿದುವು. ಆಗಿನವರೂ ದಿಲ್ಲಿಯ ಮಾತನ್ನಾಡಿದರು, ಈಗಿನವರೂ ಆಡುತ್ತಾರೆ. ಆಗಿನ ಮಾತು ಬಿತ್ತಿದ ಬೀಜ, ಈಗಿನ ಮಾತು ಹುರಿದ ಬೀಜ. ಹುರಿದ ಬೀಜ ಬಾಯಿಗೆ ರುಚಿ; ಮೊಳಕೆಯೊಡೆಯಲಾರದು.

ಹುರಿದ ಬೀಜದ ರುಚಿಯನ್ನು ಬಳ್ಳಾರಿಯು ಕಂಠಪೂರ್ತಿ ಉಂಡದ್ದು 1999ರಲ್ಲಿ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಶ್ರೀಮತಿ ಸೋನಿಯಾ ಗಾಂಧಿಯವರೂ ಶ್ರೀಮತಿ ಸುಷ್ಮಾ ಸ್ವರಾಜರೂ ಇಲ್ಲಿ ಎದುರುಬದುರಾಗಿ ನಿಂತರು. ಜಗತ್ತಿನ ಪತ್ರಿಕೆಗಳವರು ಬಳ್ಳಾರಿಯ ಬಿಸಿಲಿಗೆ ಬಂದು ಬೆವರಿದರು. ಸುಷ್ಮಾ ಸ್ವರಾಜರು ಅಲ್ಪಕಾಲದಲ್ಲಿಯೇ ಕನ್ನಡವನ್ನು ಕಲಿತು ಭಾಷಣಮಾಡಿ ಜನರ ಮನಸ್ಸನ್ನು ಸೆಳೆದರು. ಹುಟ್ಟು ಕನ್ನಡಿಗರಾದ ಎಷ್ಟೋ ನಾಯಕರಿಗೆ ನಾಚಿಕೆಯಾಗಬೇಕಾದ ಸಂಗತಿಯದು. ಗೆದ್ದವರು 56,100 ಮತಗಳ ಅಂತರದಿಂದ ಗೆದ್ದು, ಅಮೇಥಿಯನ್ನಿಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. 2000ದಲ್ಲಿ ಮರುಚುನಾವಣೆ ನಡೆಯಿತು. ಸೋತವರು ಮುಂದೆ ಅನೇಕ ವರ್ಷ ವರಮಹಾಲಕ್ಷ್ಮಿಯ ಹಬ್ಬಕ್ಕೆ ಬಳ್ಳಾರಿಗೆ ಬಂದು, ಇಲ್ಲಿಯ ಮನೆಯೊಂದರ ಪೂಜೆಯಲ್ಲಿ ಕುಳಿತು, ಮುತ್ತೈದೆಯರೊಡನೆ ಅರಿಸಿನಕುಂಕುಮ ಹಂಚಿಕೊಂಡರು. ಆ ಸೌಜನ್ಯವನ್ನು ನಾವು ಹಳಿಯುವುದಿಲ್ಲ. ಆದರೆ ದಿಲ್ಲಿಯು ನಮ್ಮ ದೇವರ ಕೋಣೆಯವರೆಗೆ ಬಂದಾಗಲೂ ನಾವು ಅದಕ್ಕೆ ನಮ್ಮ ನೀರಿನ ಕೋಣೆಯನ್ನು ತೋರಿಸಲಿಲ್ಲವಲ್ಲ! ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನಮ್ಮಲ್ಲಿದೆ. ಈ ಒಂದು ವಿಷಯದಲ್ಲಿ ಗಾದೆಯು ಸುಳ್ಳಾಯಿತು. ಊರಿಗೆ ಬಂದ ದೊಡ್ಡವರೆಲ್ಲರೂ ನೀರಿಗೆ ಬಾರದೆಯೇ ಹೋದರು. ತಪ್ಪು ಕೇವಲ ಬಂದವರದಲ್ಲ. ಬಾವಿಯ ಕಟ್ಟೆಗೆ ಕರೆದೊಯ್ಯದ ಅತಿಥೇಯರದೂ ಹೌದು.

ಆ ಹತ್ತಾರು ವರ್ಷಗಳಲ್ಲಿಯೇ ನಮ್ಮ ಕಣ್ಣೆದುರಿಗೆ ಇನ್ನೊಂದು ಅನಾಹುತವಾಗುತ್ತಿತ್ತು. ಗುಡ್ಡಗಳ ಕಬ್ಬಿಣದ ಅದುರು ಲಾರಿಗಳ ಸಾಲಿನಲ್ಲಿ ಬಂದರುಗಳಿಗೆ ಹೋಗುತ್ತಿತ್ತು. ಕೆಂಪು ಧೂಳು ಮನೆಯ ಒಗೆದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ, ಮಗುವಿನ ಉಸಿರಿನ ಮೇಲೆ ಕೂರುತ್ತಿತ್ತು. ಎರಡು ರಾಜ್ಯಗಳ ನಡುವಣ ಗಡಿಯ ಗುರುತುಗಳೇ ಗಣಿಯ ಅಗೆತಕ್ಕೆ ಸಿಕ್ಕಿ ಅಳಿದುಹೋದುವು. 1953ರಲ್ಲಿ ಯಾವ ಗೆರೆಗಾಗಿ ನಮ್ಮವರು ಪ್ರಾಣ ಕೊಟ್ಟರೋ ಆ ಗೆರೆಯನ್ನು ಅದುರಿನ ಲೋಭವು ಅಳಿಸಿತು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ ಹೊರಬಂದು, ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆದ ಮೇಲೆಯೇ ನಮಗೆ ಎಚ್ಚರ. ಗಣಿಯಿಂದ ಕೆಟ್ಟ ಸೀಮೆಯ ಪುನರುದ್ಧಾರಕ್ಕೆಂದು ಸಾವಿರಾರು ಕೋಟಿ ರೂಪಾಯಿ ಕೂಡಿದರೂ ಅದು ಬಹುವರ್ಷಗಳ ಕಾಲ ಕೆಲಸಕ್ಕೆ ಬಾರದೆ ಕೊಳೆಯಿತು. ನೀರಿಲ್ಲದ ನಳ, ವೈದ್ಯರಿಲ್ಲದ ಆಸ್ಪತ್ರೆ, ಛಾವಣಿ ಸೋರುವ ಶಾಲೆ, ಇವುಗಳ ನಡುವೆ ಬಳಕೆಯಿಲ್ಲದ ಹಣದ ಕೊಪ್ಪರಿಗೆ! ಇಂಥ ವಿಚಿತ್ರವನ್ನು ಯಾವ ಪುರಾಣದಲ್ಲಿ ಕಾಣಬಹುದು?

ಕೇಂದ್ರರಾಜ್ಯಗಳ ಕಲಹದಲ್ಲಿ ಮನೆಯು ಹೇಗೆ ನಲುಗುವುದೆಂಬುದಕ್ಕೆ ಇನ್ನೂ ದಾರುಣವಾದ ನಿದರ್ಶನವುಂಟು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರಲ್ಲಿ ಐವರು ತೀರಿಕೊಂಡರು. ಸಿರೆಯಲ್ಲಿ ಹರಿಸಿದ ದ್ರಾವಣದ ಮೇಲೆ ಸಂಶಯ ಬಂತು. ಕೂಡಲೇ ಆರಂಭವಾದುದು ಏನು? ಕೇಂದ್ರದ ಪ್ರಯೋಗಾಲಯವು ಅದನ್ನು ಒಳ್ಳೆಯದೆಂದು ಹೇಳಿತ್ತೆಂದು ರಾಜ್ಯದವರು. ಕೊಂಡವರು ನೀವೇ ಅಲ್ಲವೆ ಎಂದು ಎದುರು ಪಕ್ಷದವರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ನಾವು ಇಲ್ಲಿ ಅಕ್ಷರಶಃ ಹೇಳಬೇಕಾಗಿ ಬಂದಿರುವುದು ಎಂಥ ದುರ್ದೈವ! ತಾಯಿಯಿಲ್ಲದ ಆ ಕೂಸುಗಳ ತೊಟ್ಟಿಲಿನ ಮುಂದೆ ಯಾವ ಪಕ್ಷದ ಬಾವುಟವನ್ನು ಹಿಡಿದು ನಿಲ್ಲೋಣ?

ಹಣದ ಪಾಲಿನ ವಿಷಯವೂ ಹೀಗೆಯೇ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದ ಕಾಲದಲ್ಲಿ ಶೇಕಡಾ 4.713 ಇದ್ದದ್ದು, 15ನೆಯ ಆಯೋಗದ ಕಾಲಕ್ಕೆ 3.647ಕ್ಕೆ ಇಳಿಯಿತು. ಆ ನಷ್ಟಕ್ಕೆ ಪರಿಹಾರವಾಗಿ ಆಯೋಗವೇ ಸೂಚಿಸಿದ್ದ 5,495 ಕೋಟಿ ರೂಪಾಯಿಗಳ ವಿಶೇಷ ಅನುದಾನವೂ ನಮ್ಮ ಕೈ ಸೇರಲಿಲ್ಲ. ಆಗ ಲೋಕಸಭೆಯಲ್ಲಿ ಕರ್ನಾಟಕದಿಂದ ಹೋದ 28 ಜನ ಸದಸ್ಯರಿದ್ದರಷ್ಟೆ. ಅವರು ತಮ್ಮ ತಮ್ಮ ಪಕ್ಷದ ಮೇಲಿನವರ ಮುಖವನ್ನು ನೋಡಿದರೇ ಹೊರತು ಕೆಳಗಿನ ಮನೆಯವರ ಮುಖವನ್ನು ನೋಡಲಿಲ್ಲ. ಏಕೆ ನೋಡಬೇಕು? ಮನೆಯವರೇ ಮೇಲಿನವರ ಮುಖ ನೋಡಿ ಮತ ಕೊಡುತ್ತಿರುವಾಗ!

ಇದಕ್ಕಿಂತಲೂ ಆಶ್ಚರ್ಯಕರವಾದ, ನಮ್ಮ ವಾದದ ತಿರುಳೆಂದು ನಾವು ಭಾವಿಸುವ ಸಂಗತಿಯೊಂದಿದೆ. ಹಳ್ಳಿಯ ನೀರು, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಇವುಗಳ ಮೇಲ್ವಿಚಾರಣೆಗಾಗಿ ಇರತಕ್ಕವು ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗಳು. 1992ರಲ್ಲಿ ಸಂವಿಧಾನವನ್ನೇ ತಿದ್ದಿ, ಐದೈದು ವರ್ಷಕ್ಕೊಮ್ಮೆ ಇವಕ್ಕೆ ಚುನಾವಣೆ ನಡೆಯಲೇಬೇಕೆಂದು ವಿಧಿಸಲಾಯಿತು. ನಮ್ಮ ರಾಜ್ಯದಲ್ಲಿ 2016ರಲ್ಲಿ ಚುನಾವಣೆ ನಡೆದು, ಆರಿಸಿಬಂದವರ ಅವಧಿಯು 2021ರಲ್ಲಿ ಮುಗಿಯಿತು. ಅಲ್ಲಿಂದ 2025ನೆಯ ಇಸವಿ ಕಳೆಯುವವರೆಗೂ ಮತ್ತೆ ಚುನಾವಣೆಯೇ ಇಲ್ಲ! ಕ್ಷೇತ್ರಗಳ ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಒಂದಾದ ಮೇಲೊಂದು ಕಾರಣ. ಅಧಿಕಾರದಲ್ಲಿದ್ದ ಪಕ್ಷ ಬದಲಾಯಿತು; ಕಾರಣಗಳ ಪಟ್ಟಿ ಬದಲಾಗಲಿಲ್ಲ. ಸಿರುಗುಪ್ಪದ ಹಳ್ಳಿಯವನ ಪರವಾಗಿ, ಕುರುಗೋಡಿನ ಶಾಲೆಯ ಪರವಾಗಿ ಜಿಲ್ಲೆಯ ಸಭೆಯಲ್ಲಿ ಎದ್ದು ನಿಂತು ಕೇಳತಕ್ಕ ಸದಸ್ಯನ ಕುರ್ಚಿಯು ವರ್ಷವರ್ಷವೂ ಖಾಲಿ. ಇದೇ ಅವಧಿಯಲ್ಲಿ ನಮ್ಮ ಮನೆಗಳಲ್ಲಿ ದಿಲ್ಲಿಯ ಕುರ್ಚಿಯ ಮೇಲೆ ಎಷ್ಟು ಸಲ ಜಗಳವಾಯಿತು, ಈ ಕುರ್ಚಿಯ ಮೇಲೆ ಎಷ್ಟು ಸಲ ಆಯಿತು? ವಾಚಕರು ತಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಲಿ. ಯಾವ ಪಕ್ಷಕ್ಕೂ ಈ ಚುನಾವಣೆಯ ಅವಸರವಿಲ್ಲದಿರುವುದು ಸಹಜ. ಏಕೆಂದರೆ ಅಧಿಕಾರವನ್ನು ಕೆಳಕ್ಕೆ ಹಂಚುವುದು ಯಾರಿಗೂ ಪ್ರಿಯವಲ್ಲ. ಆದರೆ ನಮಗೇ ಅವಸರವಿಲ್ಲದಿರುವುದು ಯಾವ ನ್ಯಾಯ?

ಬಳ್ಳಾರಿಯ ಕೋಟೆಯ ಬಗ್ಗೆ ಊರಿನವರು ಒಂದು ಐತಿಹ್ಯವನ್ನು ಹೇಳುತ್ತಾರೆ. ಹೈದರಾಲಿಯು ಫ್ರೆಂಚ್ ಶಿಲ್ಪಿಯೊಬ್ಬನಿಂದ ಗುಡ್ಡದ ಮೇಲೆ ಭದ್ರವಾದ ಕೋಟೆಯನ್ನು ಬೆಳೆಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ, ಎದುರಿನ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿತ್ತಂತೆ; ಅಲ್ಲಿ ನಿಂತವನಿಗೆ ಕೋಟೆಯ ಒಳಗೆಲ್ಲ ಗುರಿ. ಸಿಟ್ಟಿಗೆದ್ದ ಹೈದರನು ಶಿಲ್ಪಿಯನ್ನು ಗಲ್ಲಿಗೇರಿಸಿದನೆಂದು ಕಥೆ. ಕಥೆಯ ಸತ್ಯಾಸತ್ಯವು ಹೇಗಾದರೂ ಇರಲಿ, ಅದರ ನೀತಿಯು ನಮ್ಮ ಪಾಲಿಗೆ ಸತ್ಯವಾಗಿದೆ. ನಾವು ದೂರದ ಶತ್ರುವನ್ನೂ ದೂರದ ಮಿತ್ರನನ್ನೂ ನೆನೆದು ವಾದದ ಕೋಟೆ ಕಟ್ಟುತ್ತಲಿದ್ದೇವೆ. ಕಣ್ಣೆದುರಿನ ಕುಂಬಾರಗುಡ್ಡದ ಎತ್ತರವನ್ನು ಅಳೆಯುವವರಿಲ್ಲ.

ಈ ದೂರದ ಜಗಳವು ಮನೆಯ ಬಾಳಿಗೆ ಮಾಡುವ ಕೇಡು ಇನ್ನೊಂದು ಬಗೆಯದೂ ಇದೆ. ಬಳ್ಳಾರಿಯ ಬಾಳು ಮೊದಲಿನಿಂದಲೂ ಕೂಡುಬಾಳು. ಒಂದೇ ವಠಾರದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ಬಳ್ಳಾರಿ ರಾಘವರು ತೆಲುಗಿನಲ್ಲಿ ಆಡಿದರೂ ಕನ್ನಡದಲ್ಲಿ ಆಡಿದರೂ ಊರು ಅವರನ್ನು ತನ್ನವರೆಂದೇ ಕೊಂಡಾಡಿತು. ಆದವಾನಿಯ ಸೀಮೆಯಲ್ಲಿರುವ ಮಂತ್ರಾಲಯವು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಗೆರೆ ಬಿದ್ದ ಮೇಲೂ ನಮ್ಮವರ ಯಾತ್ರೆ ನಿಲ್ಲಲಿಲ್ಲ. ಆಲೂರಿಗೆ ಕೊಟ್ಟ ಮಗಳು, ರಾಯದುರ್ಗದಿಂದ ತಂದ ಸೊಸೆ ಇವರ ಸಂಬಂಧವು ಯಾವ ಆಯೋಗದ ವರದಿಯಿಂದಲೂ ಹರಿಯಲಿಲ್ಲ. ಸರಕಾರದ ಗೆರೆಗೆ ಹರಿಯದ ನಂಟು ಈಗ ಮೊಬೈಲಿನ ಒಂದು ಸಂದೇಶಕ್ಕೆ ಹರಿಯುತ್ತಲಿದೆ. ಅಣ್ಣತಮ್ಮಂದಿರು ಪಕ್ಷದ ಹೆಸರಿನಲ್ಲಿ ಮಾತು ಬಿಡುತ್ತಾರೆ. ಬೀಗರು ಮದುವೆಯ ಪಂಕ್ತಿಯಲ್ಲಿ ಮುಖ ತಿರುಗಿಸುತ್ತಾರೆ. ಯಾರ ಸಲುವಾಗಿ ಇವರು ಮಾತು ಬಿಟ್ಟರೋ ಆ ನಾಯಕರು ಚುನಾವಣೆ ಮುಗಿದ ಮರುದಿನವೇ ಒಂದೇ ವಿಮಾನದಲ್ಲಿ ಕುಳಿತು ಹೋಗುತ್ತಾರೆ!

ಹಾಗಾದರೆ ಮಾಡತಕ್ಕದ್ದೇನು? ಬರಿದೆ ಹಳಿದು ಕೂರುವುದು ನಮ್ಮ ಪತ್ರಿಕೆಯ ಪದ್ಧತಿಯಲ್ಲ. ಮೊದಲನೆಯದಾಗಿ, ಪ್ರತಿಯೊಂದು ಮನೆಯಲ್ಲಿಯೂ ಒಂದು ಪುಸ್ತಕವಿರಲಿ. ಹಾಲಿನ ಲೆಕ್ಕ, ಅಗಸರ ಲೆಕ್ಕ ಬರೆದಿಡುವ ನಮ್ಮ ಗೃಹಿಣಿಯರಿಗೆ ಇದೇನೂ ಹೊಸದಲ್ಲ. ನಳದಲ್ಲಿ ನೀರು ಬಂದ ದಿನ, ವಿದ್ಯುತ್ತು ಹೋದ ಗಳಿಗೆ, ಆಸ್ಪತ್ರೆಯಲ್ಲಿ ದೊರೆಯದ ಔಷಧ, ಶಾಲೆಯಲ್ಲಿ ಬಾರದ ಉಪಾಧ್ಯಾಯ, ಇವು ಆ ಪುಸ್ತಕದಲ್ಲಿ ದಿನಾಂಕ ಸಹಿತವಾಗಿ ಬೀಳಲಿ. ಒಂದು ಬೀದಿಯ ಇಪ್ಪತ್ತು ಮನೆಯ ಪುಸ್ತಕಗಳು ಒಂದುಗೂಡಿದರೆ ಅದು ಯಾವ ಅಧಿಕಾರಿಯೂ ಅಲ್ಲಗಳೆಯಲಾರದ ಸಾಕ್ಷ್ಯ. ಕೂಗಿಗೆ ಕಿವುಡಾದ ಕಚೇರಿಯು ಲೆಕ್ಕಕ್ಕೆ ಕಿವುಡಾಗಲಾರದು.

ಎರಡನೆಯದಾಗಿ, ಗ್ರಾಮಸಭೆಗಳನ್ನು ಬರಿಯ ಸಹಿಯ ಸಭೆಗಳಾಗಲು ಬಿಡಕೂಡದು. 1993ರ ಪಂಚಾಯತಿಯ ಕಾಯಿದೆಯು ಅವನ್ನು ನಮಗಾಗಿ ಕಟ್ಟಿಕೊಟ್ಟಿದೆ. ಟೀವಿಯ ಮುಂದೆ ಕಳೆಯುವ ನೂರು ಸಂಜೆಗಳಲ್ಲಿ ಎರಡನ್ನು ಗ್ರಾಮಸಭೆಗೆ ಕೊಟ್ಟರೆ ಸಾಕು. ನಗರದವರು ತಮ್ಮ ವಾರ್ಡಿನ ಸದಸ್ಯನ ಹೆಸರನ್ನು ದಿಲ್ಲಿಯ ಮಂತ್ರಿಗಳ ಹೆಸರುಗಳಷ್ಟೇ ಸ್ಪಷ್ಟವಾಗಿ ಬಾಯಿಪಾಠ ಮಾಡಿಕೊಳ್ಳಲಿ. ಜಿಲ್ಲಾ, ತಾಲೂಕು ಪಂಚಾಯತಿಗಳ ಕುರ್ಚಿಗಳು ಇನ್ನೆಂದೂ ಹಾಗೆ ವರ್ಷಗಟ್ಟಲೆ ಖಾಲಿಯಾಗಿ ಉಳಿಯದಂತೆ ಊರೂರಿನಿಂದ ಠರಾವುಗಳು ಹೋಗಲಿ.

ಮೂರನೆಯದು ಉಪಾಧ್ಯಾಯ ಬಂಧುಗಳಿಗೆ ಸಂಬಂಧಿಸಿದ್ದು. ಏಕೀಕರಣದ ಕಾಲದಲ್ಲಿ ಹಳ್ಳಿಯ ಶಾಲೆಯ ಮಾಸ್ತರರೇ ನಾಡಿನ ದೂತರಾಗಿದ್ದರು. ಸರಕಾರದ ನೌಕರರಾದ ಅವರು ಪಕ್ಷದ ರಾಜಕಾರಣಕ್ಕೆ ಇಳಿಯಬಾರದೆಂಬುದು ಸರಿಯೇ. ಆದರೆ ಮಕ್ಕಳಿಗೆ ತಮ್ಮ ಊರಿನ ನೀರು ಎಲ್ಲಿಂದ ಬರುತ್ತದೆ, ತಮ್ಮ ತಾಲೂಕು ಯಾವ ವರ್ಷ ಯಾವ ಗಂಡಾಂತರದಿಂದ ಪಾರಾಗಿ ಕನ್ನಡ ನಾಡಿನಲ್ಲಿ ಉಳಿಯಿತು ಎಂಬುದನ್ನು ಹೇಳಿಕೊಡುವುದು ಯಾವ ಪಕ್ಷದ ರಾಜಕಾರಣ? 2014ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ಶಿಕ್ಷಣದಲ್ಲಿ ತಾಯ್ನುಡಿಯ ಮಾಧ್ಯಮವನ್ನು ಸರಕಾರವು ಕಡ್ಡಾಯಗೊಳಿಸಲಾಗದೆಂದು ತೀರ್ಪಿತ್ತಿತು. ಕಾಯಿದೆಯ ಬಲ ತಪ್ಪಿದ ಮೇಲೆ ಕನ್ನಡಕ್ಕೆ ಉಳಿದಿರುವುದು ಮನೆಯ ಬಲವೊಂದೇ. ಮಗುವಿನ ಕಿವಿಗೆ ಮನೆಯಲ್ಲಿ ಬೀಳುವ ಕನ್ನಡವು ಬರಿಯ ಬೈಗುಳದ, ಪಕ್ಷದ್ವೇಷದ ಕನ್ನಡವಾದರೆ ಆ ಮಗುವಿಗೆ ಕನ್ನಡದ ಮೇಲೆ ಪ್ರೀತಿ ಹುಟ್ಟುವ ಬಗೆ ಹೇಗೆ?

ನಾಲ್ಕನೆಯದಾಗಿ, ದಿಲ್ಲಿಯಿಂದ ಮತ ಕೇಳಲು ಬಂದವರಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಊರೆಲ್ಲ ಒಂದೇ ಪ್ರಶ್ನಾವಳಿಯನ್ನು ಒಡ್ಡಬೇಕು. ಅಣೆಕಟ್ಟಿನ ಬಾಗಿಲು, ಜಲಾಶಯದ ಹೂಳು, ಮೆಣಸಿನಕಾಯಿಯ ಪೇಟೆ, ತೆರಿಗೆಯ ಪಾಲು: ಇಷ್ಟೇ ಸಾಕು. ಉತ್ತರವು ಲಿಖಿತವಾಗಿರಲಿ, ಕನ್ನಡದಲ್ಲಿರಲಿ. ಹೀಗೆ ಪಟ್ಟುಹಿಡಿದರೆ ದಿಲ್ಲಿ ಕೇಳುವುದಿಲ್ಲವೆಂಬುದು ಸುಳ್ಳು. ಬಹುಕಾಲ ತಳ್ಳಿಹಾಕಲ್ಪಟ್ಟಿದ್ದ 371ಜೆ ವಿಧಿಯು 2012ರ ಸಂವಿಧಾನದ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ದೊರೆಯಿತಷ್ಟೆ. ಇಂದು ಈ ಸೀಮೆಯ ಬಡವರ ಮಕ್ಕಳು ವೈದ್ಯಕೀಯ ಕಾಲೇಜುಗಳಲ್ಲಿಯೂ ಸರಕಾರಿ ನೌಕರಿಗಳಲ್ಲಿಯೂ ಸ್ಥಾನ ಪಡೆಯುತ್ತಿರುವುದು ಅದರ ಫಲ. ಅದು ಯಾರ ಪಡಸಾಲೆಯ ಹರಟೆಯಿಂದಲೂ ಬಂದುದಲ್ಲ; ದಶಕಗಳ ಕಾಲ ಬೀದಿಯಲ್ಲಿ ನಿಂತು, ಮನವಿಯ ಮೇಲೆ ಮನವಿ ಬರೆದು ಪಡೆದದ್ದು.

ಕನ್ನಡ ಬಂಧುಗಳೇ! 1956ರಲ್ಲಿ ನಮ್ಮ ನಾಡು ನಕ್ಷೆಯಲ್ಲಿ ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. 2014ರಲ್ಲಿ ನಮ್ಮ ಊರಿನ ಹೆಸರೂ ಇಂಗ್ಲಿಷಿನ ಬರವಣಿಗೆಯಲ್ಲಿ ತನ್ನ ನಿಜವಾದ ಉಚ್ಚಾರವನ್ನು ಪಡೆಯಿತು. ನಕ್ಷೆ ಬಂತು, ಹೆಸರು ಬಂತು. ಇನ್ನು ಮನೆಯೊಂದು ಬರಬೇಕಾಗಿದೆ. ನಾಡನ್ನು ಕೂಡಿಸಿದವರ ಮೊಮ್ಮಕ್ಕಳು ಒಂದು ಮನೆಯಲ್ಲಿ ಕೂಡಿ ಉಣ್ಣಲಾರದವರಾದರೆ ಆ ಏಕೀಕರಣಕ್ಕೆ ಅರ್ಥವೇನುಳಿಯಿತು? ದಿಲ್ಲಿಯ ಮೇಲೆ ಸಿಟ್ಟು ಬರಲಿ, ಬರಬೇಕಾದದ್ದೇ. ಆದರೆ ಆ ಸಿಟ್ಟು ಅಣ್ಣತಮ್ಮಂದಿರ ಮೇಲೆ ಸುರಿದು ವ್ಯರ್ಥವಾಗದೆ, ಕಾಲುವೆಯ ನೀರಿನಂತೆ ಕಟ್ಟಿಗೊಳಗಾಗಿ ಹರಿದು ಹೊಲವನ್ನು ತೋಯಿಸಲಿ. ನಾಳೆಯ ಸಂಜೆ ಪಡಸಾಲೆಯಲ್ಲಿ ಚರ್ಚೆಗೆ ಕೂರುವ ಮುನ್ನ ಮನೆಯ ಗಂಡಸರು ಒಮ್ಮೆ ಎದ್ದು ಹೋಗಿ, ಡ್ರಮ್ಮಿನಲ್ಲಿ ನೀರೆಷ್ಟಿದೆಯೆಂದು ಇಣಿಕಿ ನೋಡಲಿ. ಆಮೇಲೆ ಬಂದು ಮಾತಾಡಲಿ. ಅಂದಿನಿಂದ ಬಳ್ಳಾರಿಯ ರಾಜಕಾರಣವು ಬದಲಾಗುವುದೆಂದು ನಾವು ದೃಢವಾಗಿ ನಂಬಿದ್ದೇವೆ.